ಮೂಲದೊಂದಿಗೆ ತಾಳೆ ನೋಡಲಾಗಿದೆ

ಕಂಪ್ಯೂಟರ್ ಪಾಠ ಹೇಳುವವನ ಬಾಳಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಸರ್ಕಾರಿ ಕಚೇರಿಯಲ್ಲಿ ಕೂತು ಒಂದು ಡಿಸ್ಕು ನಕಲು ಮಾಡಿ ನೋಡಿಲ್ಲ. ನನ್ನನ್ನಂತೂ ಇಂಥವು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತಿದ್ದವು.

ತೊಂಬತ್ತರ ದಶಕದ ಕೊನೆ. ಶ್ರೀರಂಗಪಟ್ಟಣದಲ್ಲಿ ಪಾಠ ಹೇಳುತ್ತಿದ್ದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಬಸ್ಸು ಹತ್ತಿ ಹೋಗುತ್ತಿದ್ದೆ. ಮುಂದೆ ಹೇಳುವುದು ಈ ನಾಲ್ಕರಲ್ಲಿ ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ಅದೇ ಬಸ್ಸುಗಳಲ್ಲಿ ನಾನು ಇನ್ನೂ ಓಡಾಡಬೇಕು.

ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಸುಳ್ಳು ಜಾತಿ ಸರ್ಟಿಫಿಕೇಟುಗಳು ತಯಾರಾಗುತ್ತಿವೆ ಎಂದು ಪೊಲೀಸರಿಗೆ ಗೊತ್ತಾಯಿತು. ಮಾಲೀಕ ತಕ್ಷಣ ಬೆರಳು ತೋರಿಸಿದ್ದು ಅಲ್ಲಿ ಟೈಪು ಮಾಡುತ್ತಿದ್ದ ಹೆಣ್ಣುಮಗಳ ಕಡೆಗೆ. ಆಕೆ ಕೆಲಸಕ್ಕೆ ಸೇರಿ ಬರೀ ನಾಲ್ಕು ತಿಂಗಳಾಗಿತ್ತು. ಸರ್ಟಿಫಿಕೇಟುಗಳು ಅದಕ್ಕೂ ಮೊದಲೇ ತಯಾರಾಗಿದ್ದರೆ ಆಕೆ ಪಾರು. ಅದನ್ನು ಹೇಳಬಲ್ಲದ್ದು ಅಂಗಡಿಯ ಕಂಪ್ಯೂಟರಿನ ಡಿಸ್ಕಿನೊಳಗಿನ ತಾರೀಕು ಮಾತ್ರ. ಆದರೆ ಡಿಸ್ಕನ್ನು ಸುಮ್ಮನೆ ತೆರೆದು ನೋಡಿದರೂ ಕೆಲವು ತಾರೀಕು ಬದಲಾಗುತ್ತವೆ. ಆದ್ದರಿಂದ ಮೊದಲು ಚುಕ್ಕೆ ಬಿಡದಂತೆ ನಕಲು ತೆಗೆದು, ಎರಡೂ ಒಂದೇ ಎಂದು ತಾಳೆ ನೋಡಿ, ನಕಲನ್ನು ಮಾತ್ರ ತೆರೆಯಬೇಕು. ಆ ಕೆಲಸಕ್ಕೆ ಠಾಣೆಯಿಂದ ನನ್ನನ್ನು ಕರೆದರು.

ಆಯುಧ

ನಾನು ಹೋದದ್ದು ಆಯುಧಪೂಜೆಯ ಮಾರನೆಯ ವಾರ. ಜಪ್ತಿ ಮಾಡಿದ ಕಂಪ್ಯೂಟರನ್ನು ಮೇಜಿನ ಮೇಲಿಟ್ಟಿದ್ದರು. ಮೈಗೆಲ್ಲ ವಿಭೂತಿ, ನೆತ್ತಿಗೆ ಕುಂಕುಮ. ಫ್ಲಾಪಿ ತೂರಿಸುವ ಸೀಳಿನಲ್ಲಿ ಚೆಂಡುಹೂ. ಹಿಂದೆ ಫ್ಯಾನಿನ ತೂತುಗಳಲ್ಲಿ ಸಾಲಾಗಿ ಊದುಬತ್ತಿ ಕಡ್ಡಿಗಳು.

"ಏನು ದಫೇದಾರ್ರೇ ಇದು?" ಎಂದು ಠಾಣೆಯ ಹೆಡ್ ಕಾನ್‌ಸ್ಟೇಬಲರನ್ನು ಕೇಳಿದೆ.

ದಫೇದಾರರು ನನ್ನನ್ನು ನಾಸ್ತಿಕನನ್ನು ನೋಡುವ ಹಾಗೆ ನೋಡಿದರು. "ಅಪರಾಧಕ್ಕೆ ಬಳಸಿದ ಆಯುಧ ಅಂತ ರಿಜಿಸ್ಟ್ರಲ್ಲಿ ನಾನೇ ಬರ್ದಿವ್ನಿ, ಮೇಷ್ಟ್ರೇ. ಆಯುಧಕ್ಕೆ ಪೂಜೆ ಮಾಡ್ದೆ ಬುಡಾಕಾಯ್ತದಾ?"

ಅಸಲಿ ನಕಲಿ

ಇಂಥ ಕೆಲಸಕ್ಕೆ ಮಹಜರು ಬರೆಯಬೇಕು. ಅಂದರೆ ಪಂಚರೆಂಬ ಇಬ್ಬರು ಸಾಕ್ಷಿಗಳ ಎದುರಿಗೆ ಏನೇನು ಮಾಡಿದೆವು ಎಂಬ ವರದಿ. ಬರೆಯುವವರು ಅದೇ ದಫೇದಾರರು. ಮುತ್ತಿನಂಥ ಅಕ್ಷರ. ಮೊದಲ ಸಾಲು ಓದಿದೆ: "ಕಂಪ್ಯೂಟರ್ ಮೇಷ್ಟ್ರು ಪಂಚರ ಸಮಕ್ಷಮದಲ್ಲಿ ಡಿಸ್ಕನ್ನು ನಕಲಿ ಮಾಡಲು ಬಂದಿರುತ್ತಾರೆ."

"ಅಯ್ಯೋ, ನಕಲಿ ಅಲ್ಲ, ನಕಲು!"

"ಒಂದು ಕೊಂಬು ಎಚ್ಚುಕಮ್ಮಿ. ಅದುಕ್ಯಾಕಿಂಗೆ ಎಗರಾಡ್ತೀರಿ?"

"ನಕಲಿ ಮಾಡಿದ್ದಕ್ಕೇ ಅಲ್ಲವಾ ಆ ಹೆಣ್ಣುಮಗಳ ಮೇಲೆ ಕೇಸಾಗಿರೋದು? ನನ್ನನ್ನೂ ಒಳಗೆ ಹಾಕ್ತೀರಾ?"

ಅವರಿಗೆ ಅರ್ಥವಾಯಿತು. ಆದರೆ ತಿದ್ದಿದರೆ ಕೋರ್ಟು ಅನುಮಾನ ಪಡುತ್ತದಂತೆ. ತುಂಬ ಹೊತ್ತು ಯೋಚಿಸಿ, ಕೆಳಗೆ ಒಂದು ಷರಾ ಬರೆದರು: "ಮೇಲೆ ನಕಲಿ ಎಂದಿರುವುದನ್ನು ಅಸಲಿ ನಕಲಿ ಎಂದು ಓದಿಕೊಳ್ಳತಕ್ಕದ್ದು."

ಒಂದು ವೇಳೆ

ನಕಲು ಮಾಡುವ ಪ್ರೋಗ್ರಾಮಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಬೇಕು, ಅಷ್ಟೇ. ಅದರ ಹೆಸರು ಡಿಡಿ. "ಡಿಡಿ ತಂದಿದ್ದೀನಿ ಸಾರ್" ಎಂದಾಗ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು "ಯಾವ ಬ್ಯಾಂಕಿಂದು?" ಅಂದಿದ್ದರು. ಅದನ್ನು ನುಂಗಿಕೊಂಡೆ.

ಆಜ್ಞೆಯಲ್ಲಿ 'ಇಫ್' ಎಂದು ಬರೆದು ಯಾವ ಡಿಸ್ಕಿನಿಂದ, 'ಆಫ್' ಎಂದು ಬರೆದು ಯಾವ ಡಿಸ್ಕಿಗೆ ಎಂದು ಹೇಳಬೇಕು. ನಾನು ಟೈಪು ಮಾಡಿ ಮುಗಿಸುವಷ್ಟರಲ್ಲಿ ಸಾಹೇಬರು ಹಿಂದೆ ಬಂದು ನಿಂತರು.

"ಇಫ್ ಅಂತ ಯಾಕ್ರೀ ಹಾಕಿದ್ದೀರಿ?"

"ಯಾವುದರಿಂದ ಅಂತ, ಸಾರ್."

"ಇಂಗ್ಲಿಷು ನಾನೂ ಓದಿದ್ದೀನಿ. ಇಫ್ ಅಂದ್ರೆ ಒಂದು ವೇಳೆ. ಅಸಲು ಡಿಸ್ಕಿನ ಪಕ್ಕದಲ್ಲಿ ಒಂದು ವೇಳೆ ಅಂತ ಬರೆದ್ರೆ, ಅಸಲಿನ ಮೇಲೇ ನಮಗೆ ಅನುಮಾನ ಅಂತ ಆಗಲ್ವಾ? ಅನುಮಾನ ಏನಿದ್ರೂ ಕಾಪಿ ಮೇಲಿರಲಿ."

ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡು ಪದಗಳನ್ನೂ ತಾವೇ ಅದಲುಬದಲು ಮಾಡಿದರು. ಈಗ ಆಜ್ಞೆಯ ಅರ್ಥ ಇಷ್ಟು: ನಾನು ತಂದ ಖಾಲಿ ಡಿಸ್ಕನ್ನು ತೆಗೆದು ಅಸಲಿನ ಮೇಲೆ ಸುರಿ. ಎಂಟರ್ ಒತ್ತಿದರೆ ತಾರೀಕೂ ಇಲ್ಲ, ಸಾಕ್ಷಿಯೂ ಇಲ್ಲ, ಆ ಹೆಣ್ಣುಮಗಳು ನೇರ ಜೈಲಿಗೆ. ಸಾಹೇಬರ ಬೆರಳು ಎಂಟರ್ ಕಡೆಗೆ ಇಳಿಯಿತು. ಇನ್ನೇನೂ ತೋಚದೆ ಮೇಜಿನ ಕೆಳಗೆ ನುಗ್ಗಿ ಕರೆಂಟಿನ ವೈರನ್ನೇ ಕಿತ್ತೆ.

"ಏನ್ರೀ ನಿಮ್ಮ ಆಟ?" ಎಂದು ಸಾಹೇಬರು ಗುಡುಗಿದರು.

"ಒಂದು ವೇಳೆ ನೀವು ಒತ್ತಿಬಿಟ್ಟಿದ್ದರೆ, ಸಾರ್..." ಎಂದೆ ಮೇಜಿನ ಕೆಳಗಿನಿಂದಲೇ.

ನೋಡಿದವರು

ಸಾಹೇಬರು ಮುನಿಸಿಕೊಂಡು ಊಟಕ್ಕೆ ಹೋದ ಮೇಲೆ ನಾನು ಆಜ್ಞೆಯನ್ನು ಸರಿಯಾಗಿ ಕೊಟ್ಟೆ. ಪಂಚರಲ್ಲಿ ಒಬ್ಬರು ಎದುರಿನ ಹೋಟೆಲಿನವರು. ಇನ್ನೊಬ್ಬರು ಕುರಿ ಕಳೆದುಹೋಗಿದೆ ಎಂದು ದೂರು ಕೊಡಲು ಬಂದ ರೈತ. ದೂರು ಬರೆದುಕೊಳ್ಳುವ ಮೊದಲು ಅವರನ್ನು ಹಿಡಿದು ಪಂಚರಾಗಿ ಕೂರಿಸಿದ್ದರು.

ಈ ಪ್ರೋಗ್ರಾಂ ಕೆಲಸ ಮಾಡುವಾಗ ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಒಂದು ಗಂಟೆ ಕಳೆಯಿತು. ಕರೆಂಟು ಹೋಯಿತು. ದಫೇದಾರರು ಪೆನ್ನು ತೆಗೆದು "ಅರ್ಧ ಆಗಿತ್ತಲ್ಲ, ಅರ್ಧ ಕಾಪಿ ಅಂತ ಬರ್ಕೊಬುಡ್ಲಾ?" ಅಂದರು. ಬೇಡವೆಂದೆ. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಶುರು. ಮತ್ತೆ ಅದೇ ಕಪ್ಪು ಪರದೆ.

ರೈತನಿಗೆ ಸಾಕಾಯಿತು. "ಬೆಳಿಗ್ಗಿಂದ ನೋಡ್ತಾವ್ನಿ, ಏನೂ ಕಾಣ್ತಿಲ್ವಲ್ಲ ಬುದ್ಧಿ! ಏನ್ ನೋಡ್ದೆ ಅಂತ ಎಬ್ಬೆಟ್ಟು ಒತ್ತನ?"

"ಸುಮ್ಕಿರ್ಲಾ" ಅಂದರು ದಫೇದಾರರು. "ಕಂಡುದ್ನ ಹೇಳಾಕೆ ಯಾರಾದ್ರೂ ಆಯ್ತದೆ. ಕಾಣದೇ ಇರೋದ್ನ ನೋಡಿವ್ನಿ ಅನ್ನಾಕೆ ತಾನೇ ಪಂಚರು ಬೇಕಾಗಿರೋದು?"

ಹಿಸ್ಸಾ

ನಕಲು ಮುಗಿಯಿತು. ಇನ್ನು ತಾಳೆ ನೋಡುವುದು. ಪ್ರೋಗ್ರಾಂ ಇಡೀ ಡಿಸ್ಕನ್ನು ಓದಿ ಮೂವತ್ತೆರಡು ಅಕ್ಷರದ ಒಂದು ನಂಬರು ಕೊಡುತ್ತದೆ. ಡಿಸ್ಕಿನಲ್ಲಿ ಒಂದು ಚುಕ್ಕೆ ಬದಲಾದರೂ ನಂಬರು ಬೇರೆಯಾಗುತ್ತದೆ. ಅಸಲಿನ ನಂಬರನ್ನು ಒಂದೊಂದೇ ಅಕ್ಷರ ಕೂಗಿ ಬರೆಸಿದೆ. "ನಕಲಿಂದು?" ಎಂದರು ದಫೇದಾರರು.

"ಅದೂ ಅದೇ."

"ಎರಡು ಸಾಮಾನಿಗೆ ಒಂದೇ ನಂಬ್ರ ಎಂಗೆ ಕೊಡಾಕಾಯ್ತದೆ, ಮೇಷ್ಟ್ರೇ?"

ಒಂದೇ ಆಗಿರುವುದೇ ಇಲ್ಲಿ ಮುಖ್ಯ, ಅದಕ್ಕೇ ಇಷ್ಟೆಲ್ಲ ಪಾಡು ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ಕೊನೆಯಲ್ಲಿ "ಮೂಲದೊಂದಿಗೆ ತಾಳೆ ನೋಡಲಾಗಿದೆ" ಎಂದು ಬರೆದು ಠಸ್ಸೆ ಹೊಡೆದರು. ಕೊನೆಯ ಬಸ್ಸಿನ ಆತುರದಲ್ಲಿ ನಾನು ಓದದೆಯೇ ರುಜು ಹಾಕಿದೆ. ಇಡೀ ಕಥೆಯಲ್ಲಿ ದೊಡ್ಡ ದಡ್ಡ ಯಾರು ಎಂದು ಕೇಳಿದರೆ ಧಾರಾಳವಾಗಿ ನನ್ನ ಹೆಸರು ಬರೆದುಕೊಳ್ಳಿ.

ಕೋರ್ಟಿನಲ್ಲಿ ಮಹಜರು ಓದಿದಾಗ ತಿಳಿಯಿತು. ಅಸಲಿನ ನಂಬರಿನ ಮುಂದೆ ಗೀಟು ಎಳೆದು ಒಂದು, ನಕಲಿನದರ ಮುಂದೆ ಗೀಟು ಎಳೆದು ಎರಡು ಎಂದು ದಫೇದಾರರು ಸೇರಿಸಿದ್ದರು. "ಎರಡೂ ಬೇರೆ ಬೇರೆ ನಂಬರು, ಸ್ವಾಮಿ! ತಾಳೆಯೇ ಆಗಿಲ್ಲ" ಎಂದು ಸರ್ಕಾರಿ ವಕೀಲರು ಎದ್ದರು. ಆ ಹೆಣ್ಣುಮಗಳ ಮುಖ ಸುಣ್ಣವಾಯಿತು. ನಾನು ಅರ್ಧ ಗಂಟೆ ವಿವರಿಸಿದೆ. ನ್ಯಾಯಾಧೀಶರು ಆಕಳಿಸಿದರು. ಕಡೆಗೆ ದಫೇದಾರರನ್ನೇ ಕರೆಸಿದರು.

"ಜಮೀನಿನ ಸರ್ವೆ ನಂಬ್ರ ಇದ್ದಂಗೆ, ಸ್ವಾಮಿ" ಅಂದರು ಅವರು ಸೆಟೆದು ನಿಂತು. "ನಂಬ್ರ ಒಂದೇಯ. ಹಿಸ್ಸಾ ಎರಡು. ಒಂದು ಅಣ್ಣುಂದು, ಒಂದು ತಮ್ಮುಂದು."

"ಹಾಗೆ ಹೇಳಿ ಮತ್ತೆ!" ಎಂದು ನ್ಯಾಯಾಧೀಶರು ನಕಲನ್ನು ಒಪ್ಪಿಕೊಂಡುಬಿಟ್ಟರು. ನನಗೆ ಕಂಪ್ಯೂಟರ್ ವಿದ್ಯೆಯ ಮೇಲಿದ್ದ ಗೌರವ ಆವತ್ತೇ ಹೋಯಿತು.

ಲೆಕ್ಕ ತಪ್ಪಿದ್ದು

ಆಮೇಲೆ ಅಂಗಡಿಯ ಮಾಲೀಕ ಸಾಕ್ಷಿಕಟ್ಟೆ ಹತ್ತಿದ. ಗರಿಗರಿ ಅಂಗಿ, ಹಣೆಗೆ ಗಂಧ. ಹೆಣ್ಣುಮಗಳ ವಕೀಲರು ನಕಲಿನಲ್ಲಿ ಸಿಕ್ಕಿದ್ದನ್ನು ಮೆಲ್ಲಗೆ ಓದಿದರು: "ಈ ಡಿಸ್ಕಿನಲ್ಲಿ ಹನ್ನೊಂದು ಸುಳ್ಳು ಸರ್ಟಿಫಿಕೇಟುಗಳಿವೆ. ಹನ್ನೊಂದೂ ಈಕೆ ಕೆಲಸಕ್ಕೆ ಸೇರುವ ಮೊದಲೇ ತಯಾರಾದವು. ಏನು ಹೇಳ್ತೀರಿ?"

ಮಾಲೀಕನ ಮುಖ ಕೆಂಪಾಯಿತು. "ಇದು ನನ್ನ ಡಿಸ್ಕಿನ ನಕಲೇ ಅಲ್ಲ ಸ್ವಾಮಿ! ಈ ಮೇಷ್ಟ್ರು ಎಲ್ಲಿಂದಲೋ ತಂದವ್ರೆ!"

ಆ ಹೆಣ್ಣುಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?" ಎಂದರು ನ್ಯಾಯಾಧೀಶರು.

"ಹನ್ನೊಂದು ಅಂತಾವ್ರಲ್ಲ ಸ್ವಾಮಿ, ನಾನು ಮಾಡಿರೋದು ನಲವತ್ತರ ಮೇಲವೆ!"

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಹಳ ಅಕ್ಕರೆಯಿಂದ ಕೇಳಿದರು: "ಹೌದಾ? ಮಿಕ್ಕವು ಎಲ್ಲಿವೆ ಹಾಗಾದರೆ?"

"ಮನೇಲಿರೋ ಇನ್ನೊಂದು ಮೆಷಿನ್ನಲ್ಲಿ ಅವೆ, ಸ್ವಾಮಿ. ಬೇಕಾದ್ರೆ ತಂದು ತಾಳೆ ನೋಡ್ಕಳಿ!"