ಬ್ಲೋಯರ್ ಹಾಕಿಸಿದ ಡಾಕ್ಟರು

"ಡಾಕ್ಟ್ರೇ, ನೀವು ಹೆರಿಗೆಗೆ ಹೋಗ್ತೀರೋ, ನಾಮಕರಣಕ್ಕೋ?"

ಪಕ್ಕದ ಮನೆಯ ನಾಗರಾಜಪ್ಪ ಕೇಳಿದ ಈ ಮಾತು ಡಾಕ್ಟರ್ ವಾಮದೇವಪ್ಪನವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವರಿಗೆ ಒಳ್ಳೆಯ ಹೆಸರು. ಹಳ್ಳಿಗಳಲ್ಲಿ ಇನ್ನೂ ಒಳ್ಳೆಯದು. ಅವರ ಕೈಗುಣಕ್ಕೆ ಕೂಸು ತಾನಾಗಿ ಈಚೆ ಬರುತ್ತದೆಂದು ಹೆಂಗಸರು ನಂಬಿದ್ದರು. ತೊಂದರೆಯೆಲ್ಲ ಕಾರಿನದು. ದೇಶ ಬಿಟ್ಟುಹೋದ ಇಂಗ್ಲಿಷ್ ಎಂಜಿನಿಯರನೊಬ್ಬ ಮಾರಿದ್ದ ಎರಡು ಸೀಟಿನ ರೇಸು ಕಾರು ಅದು. ಏರು ಕಂಡರೆ ಗೂರಲು ಹಿಡಿದ ಮುದುಕನಂತೆ ನಿಂತುಬಿಡುತ್ತಿತ್ತು. ಹತ್ತು ಮೈಲಿ ದೂರದ ಆನಗೋಡನ್ನು ಅದು ಮುಟ್ಟುವಷ್ಟರಲ್ಲಿ ಕೂಸಿಗೆ ಸ್ನಾನವೂ ಆಗಿರುತ್ತಿತ್ತು.

ಡಾಕ್ಟರು ಕಾರನ್ನು ಹರಿಹರದ ಮೆಕ್ಯಾನಿಕ್ ಉಜ್ಜನಪ್ಪನ ಮುಂದೆ ನಿಲ್ಲಿಸಿದರು.

"ಎಂಜಿನ್‌ಗೆ ಏನೂ ಆಗಿಲ್ರಿ, ಉಸಿರು ಸಾಲ್ತಿಲ್ಲ," ಎಂದ ಅವನು, ಬಾನೆಟ್ಟಿನೊಳಗೆ ತಲೆಯಿಟ್ಟು. "ತಾನು ಎಳಕೊಂಡಷ್ಟು ಗಾಳೀಲೇ ಬದುಕೈತೆ. ಮಿಲಿಟ್ರಿ ಗುಜರೀಲಿ ಸಿಕ್ಕ ಬ್ಲೋಯರ್ ಒಂದು ನನ್ ಹತ್ರ ಐತೆ. ಬೆಲ್ಟ್ ಹಾಕಿ ಕೂರಿಸಿದ್ರೆ ಎಂಜಿನ್ ಬಾಯಿಗೆ ಗಾಳಿ ತುರುಕ್ತೈತೆ. ಗಾಳಿ ಹೆಚ್ಚಾದಂಗೆ ಪೆಟ್ರೋಲೂ ಹೆಚ್ಚು ಉರೀತೈತೆ."

"ಎಂಜಿನ್ ತಡಕೊಂತದೇನಪ್ಪ?"

"ನೀವು ಸೂಜಿ ಚುಚ್ಚೋ ಮುಂದೆ ಜನ ಹಿಂಗೇ ಕೇಳ್ತಾರಲ್ರಿ. ನೀವೇನಂತೀರಿ?"

ಡಾಕ್ಟರು ಕಾರಿನ ಕೀಲಿಯನ್ನು ಅವನ ಕೈಗಿಟ್ಟರು.

ಎಂಟು ದಿನದ ಮೇಲೆ, ಬೆಳಿಗ್ಗೆಯೇ ಹರಿಹರದಿಂದ ಬ್ಲೋಯರ್ ಕೂರಿಸಿಕೊಂಡ ಕಾರು ಕಿರುಚುತ್ತ ಮನೆಗೆ ಬಂದಾಗ ಆನಗೋಡಿನ ಆಳು ಕಾದಿದ್ದ. ಅವನ ಒಡತಿ ಕಾಟಮ್ಮನ ಸೊಸೆ ಕಮಲಕ್ಕನಿಗೆ ನೋವು ಶುರುವಾಗಿತ್ತು. ಡಾಕ್ಟರು ಹದಿನಾರೇ ನಿಮಿಷದಲ್ಲಿ ಆನಗೋಡಿನಲ್ಲಿದ್ದರು; ಟೋಪಿ ಮಾತ್ರ ದಾರಿಯಲ್ಲೆಲ್ಲೋ ಉಳಿದಿತ್ತು.

"ಇಷ್ಟ್ ಬೇಗ ಬಂದ್ರಾ?" ಕಾಟಮ್ಮ ಗಾಬರಿಯಾದಳು. "ಏನಾರ ಕೆಟ್ಟ ಸುದ್ದಿ ಐತೇನ್ರಿ?"

ಒಳಗೆ ಸೂಲಗಿತ್ತಿ ಖತೀಜಾಬೀ ನೀರು ಕಾಯಿಸುತ್ತಿದ್ದಳು. "ಇನ್ನೂ ಹೊತ್ತೈತೆ ಡಾಕ್ಟ್ರೇ, ಕೂಡ್ರಿ." ಡಾಕ್ಟರು ಪರೀಕ್ಷಿಸಿದರು. ಎಲ್ಲ ಸರಿಯಾಗಿತ್ತು. ಕಾಯುವುದೊಂದೇ ಕೆಲಸ.

ಜಗಲಿಯ ಮೇಲೆ ಕುಳಿತ ಡಾಕ್ಟರನ್ನು ಊರು ಸುಮ್ಮನೆ ಬಿಡಲಿಲ್ಲ. ಮೊಣಕಾಲು ಬಂತು, ಕೆಮ್ಮು ಬಂತು, ಕೊನೆಗೆ ಹಾಲು ಕೊಡದ ಎಮ್ಮೆಯೂ ಬಂತು. ಮಧ್ಯಾಹ್ನ ಕಳೆಯುತ್ತಲೇ ಪಿಸುಮಾತು ಎದ್ದಿತು.

"ಹೋದ್ಸಲ ಇವರು ಬರೋದ್ರೊಳಗೆ ಕೂಸು ಅಳ್ತಿತ್ತು. ಈಗ ಬಂದು ಆರು ತಾಸಾತು. ಕೈಗುಣ ಹೋಗೈತೆ."

"ಕೈಯಲ್ಲ, ಕಾರು. ಅದರ ಕಿರುಚಾಟಕ್ಕೆ ಕೂಸು ಒಳಗೇ ಹೆದರ್ಕಂಡೈತೆ."

ಡಾಕ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆರು ವರ್ಷದಲ್ಲಿ ಈ ಕಡೆ ಮೂವತ್ತಕ್ಕೂ ಹೆಚ್ಚು ಹೆರಿಗೆ. ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ಎರಡೋ ಮೂರೋ. ಹಾಗಾದರೆ ಕೈಗುಣ ಯಾರ ಕೈಯದು? ಬಾಗಿಲ ಸಂದಿಯಿಂದ ನೋಡಿದರೆ, ಖತೀಜಾಬೀ ಕಮಲಕ್ಕನ ಹಣೆ ಒರೆಸುತ್ತ ಏನೋ ಹೇಳಿ ನಗಿಸುತ್ತಿದ್ದಳು. ಅವಳು ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು.

ನಾಲ್ಕು ಗಂಟೆಗೆ ಅವಳು ಹೊರಬಂದಳು. "ಬೇಜಾರ್ ಮಾಡ್ಕಬ್ಯಾಡ್ರಿ ಡಾಕ್ಟ್ರೇ. ಕಾರ್ ತಗಂಡು ಕೆರೆ ಏರಿ ತನಕ ಹೋಗಿ ಬರ್ರಿ. ಈ ಜನ ಬಾಗಿಲು ಬಿಟ್ಟು ನಿಮ್ಮ ಹಿಂದೆ ಬರ್ತಾರೆ. ಹುಡುಗೀಗೆ ಒಂಚೂರು ಗಾಳಿ ಬೇಕು."

ಡಾಕ್ಟರು ಹೊರಟರು, ಊರೂ ಹೊರಟಿತು. ಕೆರೆ ಏರಿಯ ಮೇಲೆ ಬ್ಲೋಯರಿನ ಬೆಲ್ಟು ಕಿತ್ತುಹೋಗಿ ಕಾರು ನಿಂತಿತು. ಜನ ಅದನ್ನು ತಳ್ಳಿಕೊಂಡು ಮನೆ ಮುಟ್ಟಲು ಒಂದು ತಾಸು ಹಿಡಿಯಿತು. ಒಳಗೆ ಕೂಸು ಅಳುತ್ತಿತ್ತು.

ಕಾಟಮ್ಮ ಎಲ್ಲರ ಕೈಗೂ ಸಕ್ಕರೆ ಹಾಕಿದಳು. "ನೋಡ್ರಿ, ನಿಧಾನಕ್ಕೆ ಬಂದ್ರಿ, ಆತು."

ಮರುದಿನವೇ ಉಜ್ಜನಪ್ಪ ಜೋಡಿ ಬೆಲ್ಟು ಹಾಕಿಕೊಟ್ಟ. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ ಮನೆಯ ಮುಂದೆ ಎತ್ತಿನ ಗಾಡಿಯೊಂದು ನಿಂತಿತ್ತು. ಆನಗೋಡಿನ ಏಕಾಂತಪ್ಪ, ಹೆಂಡತಿಗೆ ನೋವು ಬಂದಿದೆ ಎಂದ. ಡಾಕ್ಟರು ಚೀಲ ಹಿಡಿದು ಕಾರಿನತ್ತ ಓಡಿದರು. ಅವನು ಬಾಗಿಲಿಗೆ ಅಡ್ಡ ನಿಂತ.

"ಕಾರ್ ಬ್ಯಾಡ್ರಿ, ಅದಕ್ಕೇ ಗಾಡಿ ತಂದೀನಿ. ಕಾರಿನಾಗ ಕರ್ಕಂಡು ಬಂದ್ರೆ ಹೊಸ್ತಿಲು ದಾಟಬ್ಯಾಡ ಅಂದಾಳೆ ನಮ್ಮವ್ವ."

ಗಾಡಿಯಲ್ಲಿ ಮೂರು ತಾಸಿನ ದಾರಿ. ಡಾಕ್ಟರು ವಾದಿಸಲು ಬಾಯಿ ತೆರೆದರು, ಯೋಚಿಸಿದರು, ಬೇರೆಯೇ ಮಾತು ಕೇಳಿದರು.

"ಖತೀಜಾಬೀ ಬಂದಾರೇನು?"

"ನಸುಕಿನಾಗೇ ಬಂದು ಕುಂತಾರ್ರಿ."

ವಾಮದೇವಪ್ಪನವರು ಗಾಡಿ ಹತ್ತಿ, ಹುಲ್ಲಿನ ಮೇಲೆ ಕಾಲು ಚಾಚಿದರು.

"ಎತ್ತು ಓಡಿಸಬ್ಯಾಡಪ್ಪ," ಎಂದರು.