ಅಕ್ಕನ ಫಾರಂ, ನನ್ನ ಹೊಟ್ಟೆಕಿಚ್ಚು

ನಮ್ಮ ಮನೆಯಲ್ಲಿ ಕಾಯಿಲೆ ಒಬ್ಬಳಿಗೆ, ಫಜೀತಿ ಎಲ್ಲರಿಗೆ; ಫಾರಂ ಬಂದ ದಿನವಂತೂ ಏನಾದರೊಂದು ಆಗದೆ ಬಿಡುವುದಿಲ್ಲ. ಅಕ್ಕನಿಗೆ ರಕ್ತದ ಕ್ಯಾನ್ಸರ್. ದಿನಾ ಗುಳಿಗಿ. ತಿಂಗಳಿಗೊಮ್ಮೆ ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿನ ದವಾಖಾನೆಗೆ ಹೋಗಬೇಕು. ಅಲ್ಲಿ ಒಂದು ಫಾರಂ: ದಣಿವು ಎಷ್ಟು, ನಿದ್ದೆ ಹ್ಯಾಂಗ, ಊಟ ಸೇರುತ್ತದೋ ಇಲ್ಲವೋ. ಸೊನ್ನೆ ಅಂದರೆ ತ್ರಾಸೇ ಇಲ್ಲ, ನಾಲ್ಕು ಅಂದರೆ ಭಾಳ ತ್ರಾಸು. ಅದನ್ನು ನೋಡಿಯೇ ಡಾಕ್ಟರು ಗುಳಿಗಿ ಎಷ್ಟೆಂದು ಠರಾಯಿಸುತ್ತಾರೆ; ಈ ತ್ರಾಸೆಲ್ಲ ಗುಳಿಗಿಯದೇ, ಅದು ಭಾಳಾದರೆ ಗುಳಿಗಿ ಕಮ್ಮಿ. ನನಗೆ ಇಂಥ ಫಾರಂ ಯಾರೂ ಕೊಟ್ಟಿಲ್ಲ. ಒಂಬತ್ತನೆಯದಕ್ಕೆ ಶಾಲೆ ಬಿಟ್ಟಾಗಲೂ ಹ್ಯಾಂಗಿದ್ದೀಯೋ ಎಂದು ಒಬ್ಬರೂ ಕೇಳಲಿಲ್ಲ.

ಎಲ್ಲಾ ಆರಾಮ್

ಹೊರಗಿನವರು ಹ್ಯಾಂಗಿದ್ದೀರಿ ಎಂದರೆ ಆರಾಮ್ ಅನ್ನಬೇಕು, ಇದು ಅಪ್ಪನ ರಿವಾಜು. ಮನೆಗೆ ಬೆಂಕಿ ಬಿದ್ದರೂ ಮೊದಲು ಆರಾಮ್, ಆಮೇಲೆ ನೀರು. ಮೊದಲ ಸಲ ಸಿಸ್ಟರ್ ಒಂದೊಂದೇ ಪ್ರಶ್ನೆ ಓದಿದಂತೆ ಅಪ್ಪನೇ ಉತ್ತರ ಕೊಟ್ಟ. ವಾಂತಿ ಆಗುತ್ತದೇನು ಎಂದಾಗ, ಶರಣರ ದಯಾ, ಏನೂ ಇಲ್ಲ ಅಂದ. ಅಕ್ಕ ಅವನ ಹಿಂದೆಯೇ ಬಕೆಟ್ ಹಿಡಿದು ಕೂತಿದ್ದಳು. ಸಿಸ್ಟರ್ ಬಗ್ಗಿ ನೋಡಿ, ಹಾಗಾದರೆ ಅದೇನು ಎಂದಳು.

"ಅದು ಬಸ್ಸಿಂದರಿ," ಅಂದ ಅಪ್ಪ. "ರೋಡ್ ಖರಾಬ್ ಅದ."

ಎಲ್ಲಾ ಸೊನ್ನೆ. ಗುಳಿಗಿ ಇದ್ದಷ್ಟೇ ಉಳಿಯಿತು.

ಖರೇ ಉತ್ತರ

ಮುಂದಿನ ತಿಂಗಳು ಪೇಷಂಟೇ ತುಂಬಬೇಕೆಂದು ಫಾರಂ ಮನೆಗೆ ಕೊಟ್ಟರು. ಅದೇ ದಿನ ಘಾಟಬೋರಾಳದ ಅತ್ತೆ ಅಕ್ಕನನ್ನು ನೋಡಲು ಬಂದಳು. ಅಕ್ಕ ಪೆನ್ಸಿಲಿನಲ್ಲಿ ನಿದ್ದೆಗೆ ನಾಲ್ಕು ಹಾಕಿದ್ದಳು.

"ನಿದ್ದಿ ಬರಂಗಿಲ್ಲಂತ ಬರದ್ರ ನಾಳಿ ನಿನ್ನ ಯಾರ್ ಮಾಡ್ಕೋತಾರವ್ವ?" ಅಂದಳು ಅತ್ತೆ. ನಾಲ್ಕು ಎರಡಾಯಿತು. ಊಟದ ಪ್ರಶ್ನೆ ನೋಡಿ ಅವ್ವ, ನನ್ನ ಅಡುಗೆಗೇ ಹೆಸರಿಡುತ್ತೀಯಾ ಎಂದು ಮುಖ ಸಣ್ಣದು ಮಾಡಿದಳು. ಅದೂ ಸೊನ್ನೆಯಾಯಿತು. ಅಳಿಸಿ ಅಳಿಸಿ ಕಾಗದಕ್ಕೆ ತೂತು ಬಿತ್ತು. ಇಡೀ ಫಾರಂನಲ್ಲಿ ಆ ತೂತೊಂದೇ ಖರೇ.

ನನ್ನದೂ ಒಂದು

ಕೂಲರಿನ ಬಾಯಿ ಅಕ್ಕನ ಕಡೆಗೆ, ಎಳನೀರು ಅಕ್ಕನಿಗೆ, ಅಪ್ಪ ಕೈಯಾರೆ ಬಿಡಿಸಿದ ದಾಳಿಂಬೆ ಅಕ್ಕನಿಗೆ. ನನಗೆ ಯಾರೂ ಶೇಂಗಾ ಸಹ ಸುಲಿದು ಕೊಟ್ಟಿಲ್ಲ. ಫಾರಂ ಝೆರಾಕ್ಸ್ ಮಾಡಿಸಿ, ನನ್ನ ಹೆಸರು ಬರೆದು, ಎಲ್ಲಕ್ಕೂ ನಾಲ್ಕು ಹಾಕಿ ಅವ್ವನ ಕೈಗಿತ್ತೆ. ಅವ್ವ ಓದಿದಳು, ಪೇಷಂಟ್ ಊಟ ಬಡಿಸಿದಳು: ಖಾರವಿಲ್ಲದ ಮೆತ್ತನೆ ಅನ್ನ. ಹೊರಗೆ ಅಡ್ಡಾಡುವುದು ಬಂದ್, ಮೊಬೈಲೂ ಬಂದ್. ಸಂಜೆಯೊಳಗೆ ಎಲ್ಲಾ ಸೊನ್ನೆ ಮಾಡಿ ಸಹಿ ಹಾಕಿಕೊಟ್ಟೆ.

ಬಟ್ಟಲು

ಆಮೇಲಿನ ಸಲ ಅಕ್ಕನಿಗೆ ಪೆನ್ಸಿಲ್ ಹಿಡಿಯಲೂ ಆಗಲಿಲ್ಲ. "ನೀನ ತುಂಬೋ, ಎಲ್ಲಾ ಸೊನ್ನಿ ಹಾಕು," ಅಂದು ಗೋಡೆಯ ಕಡೆ ತಿರುಗಿದಳು.

ಸೊನ್ನೆ ಹಾಕಲು ಕೈ ಬರಲಿಲ್ಲ. ಅವಳಿಗೆ ಸಿಕ್ಕಿದ್ದೆಲ್ಲ ನನ್ನ ಕಣ್ಣು ಕುಕ್ಕುತ್ತಿತ್ತು. ಅಂಚಿನ ತುಂಬ ತಕರಾರು ಬರೆದೆ: ಬಟ್ಟಲು ತುಂಬ ದಾಳಿಂಬೆ ಕೊಟ್ಟರು, ನಾಲ್ಕು ಕಾಳು ತಿಂದಳು, ಉಳಿದದ್ದು ನಾನು ತಿಂದೆ. ಮೂರು ಮೆಟ್ಟಿಲಿಗೆ ಎರಡು ಸಲ ಕೂತಳು, ಅಪ್ಪ ಎತ್ತಿಕೊಂಡ, ನನ್ನನ್ನು ಎತ್ತುವುದಿಲ್ಲ. ರಾತ್ರಿ ಐದು ಸಲ ಎದ್ದಳು, ಐದೂ ಸಲ ಅವ್ವ ಎದ್ದಳು. ಪ್ರತಿ ತಕರಾರಿಗೂ ನಾಲ್ಕು.

ಡಾಕ್ಟರು ಓದುತ್ತ ನಕ್ಕರು. ಆಮೇಲೆ ನಗುವುದು ನಿಲ್ಲಿಸಿ, ಇದೆಲ್ಲ ಖರೇ ಏನವ್ವ ಎಂದು ಅಕ್ಕನನ್ನು ಕೇಳಿದರು. ಅಪ್ಪ ಆರಾಮ್ ಅನ್ನಲು ಬಾಯಿ ತೆರೆದ. ಅಕ್ಕ ಮೊದಲೇ "ಖರೇರಿ" ಅಂದಳು. ಅಪ್ಪ ಬಾಯಿ ಮುಚ್ಚಿದ.

ಡಾಕ್ಟರು ಗುಳಿಗಿ ಕಮ್ಮಿ ಮಾಡಿ, ಇನ್ನು ಫಾರಂ ತುಂಬುವಾಗ ಇವನೂ ಇರಲಿ, ಇಷ್ಟು ಬರೋಬರ್ ಯಾರೂ ನೋಡಿಲ್ಲ ಅಂದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಹದಿನೈದು ದಿನಕ್ಕೆ ಅಕ್ಕನಿಗೆ ಹಸಿವು ಬಂತು. ಎಂದಿನಂತೆ ಉಳಿದ ದಾಳಿಂಬೆಗೆ ಕಾದು ಕೂತೆ. ಬಟ್ಟಲು ಖಾಲಿ.

"ಬರ್ಕೋ," ಅಂದಳು ಅಕ್ಕ, ಬೆರಳು ನೆಕ್ಕುತ್ತ. "ಊಟದ ತ್ರಾಸು ಸೊನ್ನಿ."

ಬರೆದೆ. ಅಂಚಿನಲ್ಲಿ ಸೇರಿಸಿದೆ: ತಮ್ಮನ ತ್ರಾಸು ನಾಲ್ಕು.