ಅರ್ಧಕ್ಕೇ ತುಂಬುವ ಟೇಪು

ತಪ್ಪೆಲ್ಲ ಡಬ್ಬಿಯದು. ಬ್ಯಾಕಪ್ ಟೇಪಿನ ಆ ಡಬ್ಬಿಯ ಮೇಲೆ, ಎಷ್ಟು ಮಾಹಿತಿ ಹಿಡಿಯುತ್ತದೆ ಎಂದು ಹೇಳುವ ಅಂಗೈಯಗಲದ ಒಂದು ಅಂಕಿ. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, 'ಮಾಹಿತಿ ಅರ್ಧಕ್ಕೆ ಕುಗ್ಗಿದರೆ ಮಾತ್ರ'. ಅಂಕಿಯನ್ನು ಯಜಮಾನರು ಓದಿದ್ದರು. ಸಾಸಿವೆಯನ್ನು ಓದಿದವನು ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಬ್ಬನೇ, ಸರ್ವರ್ ನೋಡಿಕೊಳ್ಳುತ್ತಿದ್ದ ಟೇಪಯ್ಯ. ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಬೈಯುವುದಕ್ಕೆ ಟೇಪಯ್ಯ ಎಂಬುದೇ ಸಾಕಾಗುತ್ತಿತ್ತು.

ಆ ಬೆಳಿಗ್ಗೆಯೂ ಯಂತ್ರ, ಔಷಧಿ ಉಗಿಯುವ ಮಗುವಿನ ಹಾಗೆ, ಅರ್ಧ ಕೆಲಸದಲ್ಲೇ ಟೇಪನ್ನು ಹೊರಗೆ ಉಗಿದು 'ಇನ್ನೊಂದು ಹಾಕಿ' ಎಂದಿತು. ಇನ್ನೊಂದು ಇರಲಿಲ್ಲ. ಇದ್ದ ಒಂದನ್ನೇ ಅಳಿಸಿ ಅಳಿಸಿ ತುಂಬಬೇಕು.

“ಡಬ್ಬಿ ಮೇಲೆ ಬರೆದಿರೋದು ಸುಳ್ಳೇನಯ್ಯಾ?” ಯಜಮಾನರು ಬಾಗಿಲಲ್ಲಿ ನಿಂತಿದ್ದರು.

“ಸುಳ್ಳಲ್ಲ ಸರ್. ಒಂದೇ ಥರದ್ದು ಮತ್ತೆ ಮತ್ತೆ ಬಂದ್ರೆ ಯಂತ್ರ ಅದನ್ನ ಮಡಚಿ ಸಣ್ಣದು ಮಾಡುತ್ತೆ. ನಮ್ಮ ಸ್ಕ್ಯಾನ್ ಚಿತ್ರಗಳು ಸೇವ್ ಆಗುವಾಗ್ಲೇ ಕುಗ್ಗಿರ್ತವೆ. ಹಿಂಡಿದ ಬಟ್ಟೆ ಮತ್ತೆ ಹಿಂಡಿದ್ರೆ ನೀರು ಎಲ್ಲಿಂದ ಬರ್ಬೇಕು?”

“ನಂಗೆ ಬಟ್ಟೆ ಒಗೆಯೋದು ಹೇಳ್ಕೊಡ್ಬೇಡ. ಹೊಸ ಸರ್ವರ್ ಬಂದಾಯ್ತು, ಸಂಜೆ ಗುಜರಿಯವನು ಬಂದು ಹಳೇದನ್ನ ಹೊತ್ಕೊಂಡು ಹೋಗ್ತಾನೆ. ಅಷ್ಟರೊಳಗೆ ಚಿತ್ರ ಎಲ್ಲಾ ಈ ಟೇಪಲ್ಲಿರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ.”

ಅಷ್ಟರಲ್ಲಿ ಅಮ್ಮನ ಫೋನು.

“ನನ್ನ ಮಂಡಿ ಸ್ಕ್ಯಾನು ಹುಷಾರು ಕಣೋ. ನಾಳೆ ಡಾಕ್ಟ್ರು ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡ್ತಾರಂತೆ. ಕುಯ್ಯೋದಾ ಬೇಡ್ವಾ ಅಂತ ಆಮೇಲೇ ಹೇಳೋದು.”

“ನಿನ್ನ ಮಂಡಿ ಇಲ್ಲೇ ಇದೆ ಬಿಡಮ್ಮ, ಸಂಜೆ ಪ್ರಿಂಟ್ ತೆಗೆದು ತರ್ತೀನಿ.”

“ನನ್ ಹತ್ರ ಇರೋದಂತೂ ಕೆಟ್ಟಿದೆ. ಅಲ್ಲಿರೋದನ್ನಾದ್ರೂ ಚೆನ್ನಾಗಿ ಇಟ್ಕೋ.”

ಇನ್ನು ಉಪದೇಶಗಳು ಶುರುವಾದವು. “ತಣ್ಣಗಾದ್ರೆ ಎಲ್ಲಾ ಕುಗ್ಗುತ್ತಪ್ಪ” ಎಂದರು ಕೌಂಟರಿನ ಮೇಡಂ. ಟೇಪಯ್ಯ ನಗಲೂ ಇಲ್ಲ. ಅವನು ಮುಖ ತೊಳೆದು ಬರುವುದರೊಳಗೆ ಟೇಪು ಫ್ರಿಜ್ಜಿನಲ್ಲಿ, ಮೇಡಮ್ಮಿನ ಮೊಸರಿನ ಡಬ್ಬಿಗೆ ಒರಗಿ ಕೂತಿತ್ತು. ಬೆವರುತ್ತಿದ್ದ ಅದನ್ನು ಅಂಗಿಯೊಳಗೆ ಅವುಚಿಕೊಂಡು, ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಒಣಗಿಸಿದ.

ಯಜಮಾನರ ಬಾಮೈದ ಇನ್ನೂ ಜಾಣ. ಅವನ ಕೆಲಸ ಏನೆಂದು ಯಾರಿಗೂ ಗೊತ್ತಿರಲಿಲ್ಲ, ಇಡೀ ಆಫೀಸಿನಲ್ಲಿ ಅವನ ಕುರ್ಚಿ ಮಾತ್ರ ತಿರುಗುತ್ತಿತ್ತು. ಕೇಳದೆ ಕರೆಯದೆ ಚಿತ್ರಗಳನ್ನೆಲ್ಲ ಜಿಪ್ ಮಾಡಿ ಒತ್ತಿದ. ಮೊದಲೇ ಕುಗ್ಗಿದ್ದವು ಸಿಟ್ಟಿಗೆದ್ದಂತೆ ಇನ್ನೊಂದಿಷ್ಟು ಉಬ್ಬಿದವು. ಯಂತ್ರ ಟೇಪನ್ನು ಮತ್ತೆ ಉಗಿಯಿತು.

ಟೇಪಯ್ಯ ಸುತ್ತಲಿನ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದ. ಯಾರಲ್ಲೂ ಎರವಲು ಟೇಪು ಸಿಗಲಿಲ್ಲ. ಒಬ್ಬರ ಹತ್ತಿರವಂತೂ ಬ್ಯಾಕಪ್ಪೇ ಇರಲಿಲ್ಲ, ಅವರು ಬಹಳ ಸುಖವಾಗಿದ್ದರು. ಬರಿಗೈಯಲ್ಲಿ ವಾಪಸು ಬಂದರೆ ಹಳೆಯ ಸರ್ವರಿನ ಜಾಗದಲ್ಲಿ ಧೂಳಿನ ಚೌಕವೊಂದು ಉಳಿದಿತ್ತು.

“ಗುಜರಿಯವನು ಬೇಗ ಬಂದ” ಎಂದ ಬಾಮೈದ ಕಾಲು ಆಡಿಸುತ್ತ. “ಹೆದರ್ಬೇಡ, ಎಲ್ಲಾ ಹೊಸ ಸರ್ವರ್‌ಗೆ ಕಾಪಿ ಮಾಡೇ ಕೊಟ್ಟಿದ್ದೀನಿ. ಹಳೇ ಡಿಸ್ಕ್ ಒರೆಸಿ, ಸ್ಕ್ರೂಡ್ರೈವರ್ ಹಾಕಿ ಚುಚ್ಚೂ ಆಯ್ತು. ಈಗ ಹೊಸದ್ರಿಂದ ಟೇಪಿಗೆ ಹಾಕು, ಹೆಂಗೆ ಹಿಡಿಯಲ್ಲ ನೋಡ್ತೀನಿ.”

ಟೇಪಯ್ಯ ಹೊಸ ಸರ್ವರ್ ತೆರೆದ. ಫೈಲುಗಳ ಹೆಸರೆಲ್ಲ ಇದ್ದವು. ಗಾತ್ರವೂ ಕೊನೆಯ ಅಂಕಿಯವರೆಗೆ ಸರಿ. ಅಮ್ಮನ ಮಂಡಿಯೂ ಅದರದೇ ಜಾಗದಲ್ಲಿತ್ತು. ಟೇಪಿನಲ್ಲಿದ್ದ ಅರ್ಧಂಬರ್ಧವನ್ನು ಅಳಿಸಿ ಬ್ಯಾಕಪ್ ಒತ್ತಿದ.

ಟೇಪು ಗಟಗಟನೆ ಕುಡಿಯಿತು. ಉಗಿಯಲಿಲ್ಲ. ಅಷ್ಟೂ ಚಿತ್ರ ಟೇಪಿನ ಒಂದು ಮೂಲೆಯಲ್ಲಿ ಹಿಡಿಸಿ, ಮಿಕ್ಕಿದ್ದೆಲ್ಲ ಖಾಲಿ. ಹೊಸ ಸರ್ವರಿಗೂ ಟೇಪಿಗೂ ತಾಳೆ ನೋಡಿದರೆ, ವ್ಯತ್ಯಾಸವಿಲ್ಲ ಎಂದಿತು ಯಂತ್ರ. ಚಿತ್ರಗಳು ಹೀಗೆ ಕುಗ್ಗುವುದಿಲ್ಲ ಎಂದು ಟೇಪಯ್ಯನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಬದುಕಿನಲ್ಲಿ ಮೊದಲ ಸಲ ಏನೋ ಒಂದು ಸರಿಯಾಗಿ ಹಿಡಿಸಿತ್ತು. ಕೆದಕಲು ಮನಸ್ಸು ಬರಲಿಲ್ಲ. ಟೇಪಿನ ಚೀಟಿಯ ಮೇಲೆ 'ಪರೀಕ್ಷಿಸಿದೆ, ಎಲ್ಲ ಸರಿಯಿದೆ' ಎಂದು ಬರೆದು ಸಹಿ ಹಾಕಿದ.

ಯಜಮಾನರು ಬಂದು ಪರದೆ ನೋಡಿದರು. ಮುಖ ಕೆಂಪಾಯಿತು.

“ಹಿಡಿಸಲ್ಲ, ಹಿಡಿಸಲ್ಲ ಅಂತ ಇಷ್ಟು ದಿನ ನಾಟಕ ಆಡಿದ್ಯಲ್ಲೋ! ನಮ್ಮ ಹುಡುಗ ಒಂದು ಸಲ ಮುಟ್ಟಿದ್ದಕ್ಕೆ ಹಿಡೀತು. ಸುಳ್ಳುಗಾರ! ಬೀಗದ ಕೈ ಇಟ್ಟು ಹೊರಡು.”

ಟೇಪಯ್ಯ ಬೀಗದ ಕೈಯನ್ನು ಅವರಿಗೆ ಒಪ್ಪಿಸಿದ. ಅಮ್ಮನ ಮಂಡಿಯ ಪ್ರಿಂಟ್ ಒಂದನ್ನು ತೆಗೆದುಕೊಂಡು ಹೋಗುತ್ತೇನೆಂದು ಬೇಡಿ, ಫೈಲು ತೆರೆದ. ಪರದೆ ಕಪ್ಪು. ಪಕ್ಕದ್ದನ್ನು ತೆರೆದ. ಅದೂ ಕಪ್ಪು. ಒಳಗೆ ಇಣುಕಿದರೆ ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ.

“ಕಾಪಿ ಪೂರ್ತಿ ಮುಗೀತಾ?” ಎಂದು ಬಾಮೈದನನ್ನು ಕೇಳಿದ.

“ಮೊದ್ಲು ಎಲ್ಲಾ ಫೈಲಿಗೂ ಜಾಗ ಹಿಡಿದಿಡ್ತು. ಹೆಸರು ಬಂತು, ಗಾತ್ರ ಬಂತು. ಆಮೇಲೂ ಸುಮ್ನೆ ಏನೋ ಸುತ್ತುತಾನೇ ಇತ್ತು. ಬಂದಾಯ್ತಲ್ಲ ಅಂತ ನಿಲ್ಲಿಸ್ದೆ.”

ಸೀಟುಗಳನ್ನೆಲ್ಲ ಕಾದಿರಿಸಿಯಾಗಿತ್ತು, ಒಬ್ಬರೂ ಹತ್ತುವ ಮೊದಲೇ ಬಸ್ಸು ಹೊರಟಿತ್ತು.

ಟೇಪಯ್ಯನ ಎದೆಯಲ್ಲಿ ಮೊದಲು ಎದ್ದದ್ದು, ದೇವರಾಣೆಗೂ, ಸಂತೋಷವೇ. ಟೇಪು ಹಿಡಿದು ಯಜಮಾನರ ಕೋಣೆಗೆ ಓಡಿದ. “ಸರ್! ನಾನು ಹೇಳಿದ್ದೇ ನಿಜ! ಚಿತ್ರ ಕುಗ್ಗಲ್ಲ ಸರ್! ಕುಗ್ಗಿರೋದು ಬರೀ ಸೊನ್ನೆ!”

“ಹೌದಾ?” ಎಂದರು ಯಜಮಾನರು. “ಹಾಗಾದ್ರೆ ಚಿತ್ರ ಎಲ್ಲಿ?”

ಹಿಂದೆಯೇ ಬಂದಿದ್ದ ಬಾಮೈದ ಸೂರು ನೋಡುತ್ತಿದ್ದ. ಯಜಮಾನರು ಟೇಪನ್ನು ಈಸಿಕೊಂಡು, ಚೀಟಿಯ ಮೇಲಿನ ಸಹಿಯನ್ನು ತುಂಬ ಹೊತ್ತು ಓದಿದರು. ಆಮೇಲೆ ಬೀಗದ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಅವನ ಕಡೆಗೇ ತಳ್ಳಿದರು.

“ನಿನ್ನ ಕೆಲಸ ಎಲ್ಲೂ ಹೋಗಿಲ್ಲ. ನಾಳೆಯಿಂದ ಕೌಂಟರಲ್ಲಿ ಕೂತ್ಕೋ. ಹಳೇ ಚಿತ್ರ ಕೇಳ್ಕೊಂಡು ಬರೋರಿಗೆಲ್ಲ ನೀನೇ ಉತ್ತರ ಹೇಳು.”

ಮೊದಲನೆಯವರು ನಾಳೆಯವರೆಗೂ ಕಾಯಲಿಲ್ಲ. ಜೇಬಿನಲ್ಲಿ ಫೋನು ಕೂಗಿತು.

“ಹೊರಟ್ಯೇನೋ? ಮಂಡಿ ತಗೊಂಡ್ಯಾ?” ಎಂದಳು ಅಮ್ಮ.